ಕ್ಲೌಡ್ ಚಿತ್ರದಲ್ಲಿ ಯಾವ ಪೆಟ್ಟಿಗೆ ಎಲ್ಲಿರಬೇಕು?

ಎಲ್ಲರಿಗೂ ನಮಸ್ಕಾರ.

ನನ್ನ ಹಿಂದೆ ಪರದೆಯ ಮೇಲೆ ಒಂದು ಚಿತ್ರ ಇದೆ. ಕೊನೆಯ ಸಾಲಿನವರಿಗೆ ಏನೂ ಓದಲಾಗುತ್ತಿಲ್ಲ, ಗೊತ್ತು. ಮೊದಲ ಸಾಲಿನವರಿಗೂ ಆಗುತ್ತಿಲ್ಲ. ಬೇಕಂತಲೇ ಹೀಗೆ ಹಾಕಿದ್ದೇನೆ. ಒಂದು ಇಡೀ ಕ್ಲೌಡ್ ವ್ಯವಸ್ಥೆಯನ್ನು, ಅಂದರೆ ಬಾಡಿಗೆಗೆ ಪಡೆದ ಸರ್ವರ್, ಡೇಟಾಬೇಸ್, ಅವುಗಳ ಜಾಲ ಎಲ್ಲವನ್ನೂ, ಒಂದೇ ಹಾಳೆಗೆ ತುರುಕಿದ್ದಾರೆ. ತುರುಕಿದವನು ನಾನೇ. ಮೂರು ತಿಂಗಳು ಕಳೆದು ತೆರೆದಾಗ ನನಗೇ ಅರ್ಥವಾಗಲಿಲ್ಲ. ಇವತ್ತು ಇದನ್ನೇ ಮುಂದಿಟ್ಟುಕೊಂಡು ಮಾತಾಡೋಣ.

ಮೊದಲು ಓಡಾಟ. ಇಂಥ ಚಿತ್ರದಲ್ಲಿ ಹೆಚ್ಚಿನವರು ಸ್ಕ್ರಾಲ್ ಬಾರ್ ಎಳೆದು ಎಳೆದು ಸುಸ್ತಾಗುತ್ತಾರೆ. ಅದರ ಅಗತ್ಯವೇ ಇಲ್ಲ. ಚಿತ್ರ ಬರೆಯುವ ಬಹುತೇಕ ಎಡಿಟರ್‌ಗಳಲ್ಲಿ ಜೂಮ್ ಆಗುವುದು ಮೌಸ್ ಬಾಣ ನಿಂತಿರುವ ಜಾಗದ ಸುತ್ತ. ಕಂಟ್ರೋಲ್ ಕೀ ಒತ್ತಿ ಚಕ್ರ ತಿರುಗಿಸಿ, ಪೂರ್ತಿ ಹಿಂದೆ ಬನ್ನಿ. ಬಾಣವನ್ನು ಬೇಕಾದ ಪೆಟ್ಟಿಗೆಯ ಮೇಲೆ ಇಡಿ. ಮತ್ತೆ ಚಕ್ರ ತಿರುಗಿಸಿ, ನೇರ ಅಲ್ಲೇ ಇಳಿಯುತ್ತೀರಿ. ಸ್ವಲ್ಪ ಅತ್ತಿತ್ತ ಸರಿಯಬೇಕಾದರೆ ಸ್ಪೇಸ್ ಒತ್ತಿ ಎಳೆದರೆ ಸಾಕು. ಇನ್ನು ಕೆಲವೊಮ್ಮೆ ಕ್ಯಾನ್ವಾಸ್ ಪೂರ್ತಿ ಬಿಳಿಯಾಗಿ, ಚಿತ್ರವೇ ಅಳಿಸಿಹೋಯಿತು ಅಂತ ಎದೆ ಧಸಕ್ ಅನ್ನುತ್ತದೆ. ಅಳಿಸಿರುವುದಿಲ್ಲ, ನೀವು ಎಲ್ಲೋ ದೂರ ಹೋಗಿರುತ್ತೀರಿ. ಎಲ್ಲವನ್ನೂ ಒಟ್ಟಿಗೆ ತೋರಿಸುವ ಒಂದು ಕೀ ಬಹುತೇಕ ಎಡಿಟರ್‌ಗಳಲ್ಲಿ ಇರುತ್ತದೆ. ಎಕ್ಸ್‌ಕ್ಯಾಲಿಡ್ರಾದಲ್ಲಿ ಅದು ಶಿಫ್ಟ್ ಮತ್ತು 1. ನಿಮ್ಮ ಎಡಿಟರ್‌ನಲ್ಲಿ ಯಾವುದು ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಹೆಸರು ಗೊತ್ತಿದ್ದರೆ ಹುಡುಕಾಟದ ಪೆಟ್ಟಿಗೆ ಇನ್ನೂ ಬೇಗ. ಆದರೆ ಎಲ್ಲ ಸರ್ವರ್‌ಗೂ ಸುಮ್ನೆ ‘ಸರ್ವರ್’ ಅಂತಲೇ ಹೆಸರಿಟ್ಟಿದ್ದರೆ ಹುಡುಕಾಟ ತಾನೇ ಏನು ಮಾಡೀತು!

ಓಡಾಟ ಇಷ್ಟೇ. ನಿಜವಾದ ಕಷ್ಟ ಇರುವುದು ಜೋಡಣೆಯಲ್ಲಿ.

ಬೇರೆ ಹಲವು ಚಿತ್ರಗಳಲ್ಲಿ ಪೆಟ್ಟಿಗೆಯನ್ನು ಎಲ್ಲಿಟ್ಟರೂ ನಡೆಯುತ್ತದೆ. ಕ್ಲೌಡ್ ಚಿತ್ರದಲ್ಲಿ ಹಾಗಲ್ಲ. ಇಲ್ಲಿ ಪೆಟ್ಟಿಗೆಯೊಳಗೆ ಪೆಟ್ಟಿಗೆ. ಯಾವುದು ಯಾವುದರ ಒಳಗಿದೆ ಅನ್ನುವುದಕ್ಕೆ ಅರ್ಥ ಇದೆ. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ಒಂದು ವಿಪಿಸಿ, ಅಂದರೆ ನಿಮಗಾಗಿಯೇ ಬೇರ್ಪಡಿಸಿದ ಜಾಲ, ಒಂದು ರೀಜನ್‌ಗೆ, ಅಂದರೆ ಒಂದು ಭೌಗೋಳಿಕ ಪ್ರದೇಶಕ್ಕೆ ಸೇರಿದ್ದು. ಸಬ್‌ನೆಟ್ ಅಂದರೆ ಆ ಜಾಲದ ಒಂದು ತುಂಡು. ಅವೈಲಬಿಲಿಟಿ ಝೋನ್ ಅಂದರೆ ರೀಜನ್‌ನೊಳಗೆ, ಒಂದು ಕೆಟ್ಟರೂ ಇನ್ನೊಂದು ನಡೆಯಲಿ ಅಂತ ಬೇರೆಯಾಗಿಟ್ಟ ಡೇಟಾ ಸೆಂಟರ್‌ಗಳ ಗುಂಪು. ಒಂದು ಸಬ್‌ನೆಟ್ ಒಂದೇ ಝೋನ್‌ನ ಒಳಗೆ ಇರುತ್ತದೆ. ಹಾಗಾಗಿ ಝೋನ್ ಪೆಟ್ಟಿಗೆಯೊಳಗೆ ಸಬ್‌ನೆಟ್ ಬರೆದರೆ ಸರಿ. ಅದೇ ರೂಢಿಯಲ್ಲಿ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಚಿತ್ರ ಬರೆದರೆ ತಪ್ಪಾಗುತ್ತದೆ, ಯಾಕಂದರೆ ಅಲ್ಲಿ ಸಬ್‌ನೆಟ್ ಆ ರೀಜನ್‌ನ ಎಲ್ಲ ಝೋನ್‌ಗಳಿಗೂ ಹರಡಿರುತ್ತದೆ. ಗೂಗಲ್ ಕ್ಲೌಡ್‌ನಲ್ಲಿ ಇನ್ನೊಂದು ತಮಾಷೆ: ಒಂದೇ ವಿಪಿಸಿ ಎಲ್ಲ ರೀಜನ್‌ಗಳಿಗೂ ಹರಡಿರುತ್ತದೆ, ಸಬ್‌ನೆಟ್ ಮಾತ್ರ ರೀಜನ್‌ಗೆ ಸೇರಿದ್ದು. ಅಂದರೆ ವಿಪಿಸಿ ಪೆಟ್ಟಿಗೆ ಹೊರಗೆ ಬರಬೇಕು, ರೀಜನ್ ಅದರೊಳಗೆ. ಒಂದು ಕ್ಲೌಡ್‌ನ ಚಿತ್ರವನ್ನು ನಕಲು ಮಾಡಿ ಐಕಾನ್ ಬದಲಿಸಿದರೆ ಇನ್ನೊಂದು ಕ್ಲೌಡ್‌ನ ಚಿತ್ರ ಆಗುವುದಿಲ್ಲ.

ನಾನು ಪದೇ ಪದೇ ನೋಡುವ ಇನ್ನೊಂದು ತಪ್ಪು, ಎಡಬ್ಲ್ಯೂಎಸ್‌ನ ಕಡತ ಸಂಗ್ರಹ ಸೇವೆಯಾದ ಎಸ್3ಯ ಐಕಾನನ್ನು ವಿಪಿಸಿಯೊಳಗೆ ಇಡುವುದು. ಎಸ್3 ನಿಮ್ಮ ವಿಪಿಸಿಯ ಒಳಗಿಲ್ಲ. ಹೊರಗಿಟ್ಟು ಗೆರೆ ಎಳೆದರೆ ತಕ್ಷಣ ಒಂದು ಪ್ರಶ್ನೆ ಏಳುತ್ತದೆ: ಖಾಸಗಿ ಸಬ್‌ನೆಟ್‌ನಲ್ಲಿರುವ ಸರ್ವರ್ ಅಲ್ಲಿಗೆ ಯಾವ ದಾರಿಯಲ್ಲಿ ಹೋಗುತ್ತದೆ, ಹೊರಗೆ ಹೋಗುವ ಬಾಗಿಲಾದ ನ್ಯಾಟ್ ಗೇಟ್‌ವೇ ಮೂಲಕವೋ, ನೇರ ಎಸ್3ಗೆ ಒಯ್ಯುವ ಒಳದಾರಿಯಾದ ಎಂಡ್‌ಪಾಯಿಂಟ್ ಮೂಲಕವೋ? ಒಳಗಿಟ್ಟರೆ ಆ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ.

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ಕೆಲವು ಎಡಿಟರ್‌ಗಳು ಚಿತ್ರದಿಂದಲೇ ಟೆರಾಫಾರ್ಮ್ ಕೋಡ್ ಬರೆದುಕೊಡುತ್ತವೆ. ಟೆರಾಫಾರ್ಮ್ ಅನ್ನುವುದು ಆ ಕೋಡ್‌ನಲ್ಲಿ ಇರುವಂತೆಯೇ ನಿಜವಾದ ಕ್ಲೌಡ್ ವ್ಯವಸ್ಥೆಯನ್ನು ಕಟ್ಟುವ ಸಾಧನ. ಅಂಥದ್ದೊಂದರಲ್ಲಿ ಒಂದು ಬಾಣ ಸೊಟ್ಟಗಿದೆ ಅಂತ ಸರ್ವರ್ ಐಕಾನನ್ನು ಸ್ವಲ್ಪ ಪಕ್ಕಕ್ಕೆ ಎಳೆದೆ. ಬಾಣ ನೆಟ್ಟಗಾಯಿತು. ಐಕಾನ್ ಮಾತ್ರ ಪಕ್ಕದ ಸಬ್‌ನೆಟ್ ಪೆಟ್ಟಿಗೆಯೊಳಗೆ ಬಿದ್ದಿತ್ತು. ಓಡುತ್ತಿರುವ ಇಸಿ2 (ಎಡಬ್ಲ್ಯೂಎಸ್‌ನ ಬಾಡಿಗೆ) ಸರ್ವರ್‌ನ ಸಬ್‌ನೆಟ್ ಬದಲಿಸಿದರೆ ಟೆರಾಫಾರ್ಮ್ ಅದನ್ನು ಸರಿಸುವುದಿಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ಕಟ್ಟುತ್ತದೆ. ಪುಣ್ಯಕ್ಕೆ ಪ್ಲಾನ್, ಅಂದರೆ ಏನೇನು ಬದಲಾಗಲಿದೆ ಅಂತ ಟೆರಾಫಾರ್ಮ್ ಮೊದಲೇ ತೋರಿಸುವ ಪಟ್ಟಿಯನ್ನು, ಓದುವ ಅಭ್ಯಾಸ ಇತ್ತು, ಉಳಿದುಕೊಂಡೆ. ಅಂದಿನಿಂದ ಇಂಥ ಎಡಿಟರ್‌ನಲ್ಲಿ ಅಂದಗೊಳಿಸುವ ಕೆಲಸವನ್ನೂ ಉಳಿದ ಬದಲಾವಣೆಗಳನ್ನೂ ಒಟ್ಟಿಗೆ ಮಾಡುವುದಿಲ್ಲ. ಬರೀ ಅಂದಗೊಳಿಸಿದ ಮೇಲೆ ಪ್ಲಾನ್ ಖಾಲಿ ಬರಬೇಕು. ಬರದಿದ್ದರೆ ಎಲ್ಲೋ ಕೈ ಜಾರಿದೆ ಅಂತ ಅರ್ಥ.

ಬರೀ ಚಿತ್ರ ಬರೆಯುವ ಡ್ರಾ.ಐಓದಂಥ ಎಡಿಟರ್‌ನಲ್ಲಿ ಇದರ ಉಲ್ಟಾ ಕಾಟ. ವಿಪಿಸಿ ಅಂತ ಒಂದು ಸಾದಾ ಚೌಕ ಬರೆದು ಅದರ ಮೇಲೆ ಐಕಾನ್ ಇಟ್ಟಿರುತ್ತೀರಿ. ಚೌಕ ಎಳೆದರೆ ಐಕಾನ್‌ಗಳು ಅಲ್ಲೇ ಉಳಿಯುತ್ತವೆ. ಚೌಕದ ಬದಲು ಕಂಟೇನರ್ ಆಕಾರ ಬಳಸಿ, ಒಳಗಿನದೆಲ್ಲ ಜೊತೆಗೇ ಬರುತ್ತದೆ. ಬಾಣಗಳದ್ದೂ ಇದೇ ಕಥೆ. ಪೆಟ್ಟಿಗೆಯ ಒಂದು ಬಿಂದುವಿಗೆ ಅಂಟಿಸಿದ ಬಾಣ ಪೆಟ್ಟಿಗೆ ಎತ್ತ ಹೋದರೂ ಆ ಬಿಂದು ಬಿಡುವುದಿಲ್ಲ, ಸುತ್ತಿ ಬಳಸಿ ಬರುತ್ತದೆ. ಇಡೀ ಪೆಟ್ಟಿಗೆಗೆ ಅಂಟಿಸಿದ ಬಾಣ ಹತ್ತಿರದ ಬದಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

‘ಆಟೋ ಅರೇಂಜ್ ಗುಂಡಿ ಇದೆಯಲ್ಲ, ಒತ್ತಿದರೆ ಆಯ್ತು ಅಲ್ವಾ?’ ಅಂತ ಕೇಳುತ್ತಾರೆ. ಆ ಗುಂಡಿಯ ಹಿಂದೆ ಹಳೆಯ, ಒಳ್ಳೆಯ ಕೆಲಸ ಇದೆ. ಪೆಟ್ಟಿಗೆಗಳನ್ನು ಸಾಲುಸಾಲಾಗಿ ಇಟ್ಟು, ಗೆರೆಗಳು ಒಂದನ್ನೊಂದು ದಾಟುವುದನ್ನು ಕಡಿಮೆ ಮಾಡುವ ವಿಧಾನವನ್ನು 1981ರಲ್ಲಿ ಜಪಾನಿನ ಸಂಶೋಧಕ ಸುಗಿಯಾಮ ಮತ್ತು ಜೊತೆಗಾರರು ಪ್ರಕಟಿಸಿದರು. ಇವತ್ತಿಗೂ ಅದರ ಸಂತತಿಯೇ ಹಲವು ಎಡಿಟರ್‌ಗಳಲ್ಲಿ ಇದೆ. ದಾಟುವಿಕೆ ಕಡಿಮೆ ಮಾಡುವುದು ಬರೀ ಅಂದಕ್ಕಲ್ಲ. 1997ರಲ್ಲಿ ಸಂಶೋಧಕಿ ಹೆಲೆನ್ ಪರ್ಚೇಸ್ ಜನರನ್ನು ಕೂರಿಸಿ ಪರೀಕ್ಷಿಸಿದಾಗ, ಓದಲು ಅತಿ ಹೆಚ್ಚು ತೊಡಕು ಕೊಟ್ಟದ್ದು ಗೆರೆಗಳ ದಾಟುವಿಕೆಯೇ.

ಆದರೆ ಗುಂಡಿಗೆ ಗೊತ್ತಿಲ್ಲದ್ದು ಒಂದಿದೆ. ನಿಮ್ಮ ಎರಡು ಝೋನ್‌ಗಳು ಅವಳಿಜವಳಿ ಅಂತ ಅದಕ್ಕೆ ತಿಳಿಯದು. ಅವೆರಡನ್ನೂ ಅಕ್ಕಪಕ್ಕ, ಒಂದೇ ಅಳತೆಯಲ್ಲಿ, ಒಂದೇ ಕ್ರಮದಲ್ಲಿ ನೀವೇ ಇಟ್ಟು ನೋಡಿ. ಎಡಗಡೆ ನ್ಯಾಟ್ ಗೇಟ್‌ವೇ ಇದೆ, ಬಲಗಡೆ ಅದೇ ಜಾಗ ಖಾಲಿ! ಎಡಗಡೆಯ ಝೋನ್ ಬಿದ್ದರೆ ಬಲಗಡೆಯ ಸರ್ವರ್‌ಗಳಿಗೂ ಹೊರಗೆ ಹೋಗುವ ದಾರಿ ಇಲ್ಲ. ಗುಂಡಿ ಒತ್ತಿ ಜೋಡಿಸಿದ ಚಿತ್ರದಲ್ಲಿ ಈ ಖಾಲಿ ಜಾಗವೇ ಇರುವುದಿಲ್ಲ, ಕಣ್ಣಿಗೆ ಬೀಳುವುದಾದರೂ ಹೇಗೆ? ನಾನು ಗುಂಡಿ ಒತ್ತುವುದು ಒಂದೇ ಸಂದರ್ಭದಲ್ಲಿ: ಇನ್ನೊಬ್ಬರು ಬಿಟ್ಟುಹೋದ ಗೋಜಲು ಸಿಕ್ಕಾಗ, ಅದೂ ಒಂದು ನಕಲಿನ ಮೇಲೆ. ಅಲ್ಲಿಂದ ಮುಂದೆ ಕೈಯಲ್ಲೇ.

ಈಗ ಪರದೆ ನೋಡಿ. ಇಲ್ಲಿ ದಾಟುವ ಗೆರೆಗಳಲ್ಲಿ ಹೆಚ್ಚಿನವು ಲಾಗ್ ಮತ್ತು ಮಾನಿಟರಿಂಗ್‌ನವು. ಪ್ರತಿ ಪೆಟ್ಟಿಗೆಯಿಂದಲೂ ಒಂದೊಂದು ಗೆರೆ ಎಡಬ್ಲ್ಯೂಎಸ್‌ನ ನಿಗಾ ಸೇವೆಯಾದ ಕ್ಲೌಡ್‌ವಾಚ್ ಕಡೆ ಓಡುತ್ತಿದೆ. ಅವನ್ನೆಲ್ಲ ಬೇರೆ ಲೇಯರ್‌ಗೆ ಹಾಕುತ್ತೇನೆ. ಕಣ್ಣಿನ ಗುರುತು ಒತ್ತಿ ಮರೆಮಾಡುತ್ತೇನೆ. ಅರ್ಧ ಹಾಳೆ ಹಗುರಾಯಿತು, ಅಲ್ವಾ? ಇನ್ನು ಡೇಟಾಬೇಸ್ ಭಾಗ ಉಳಿದಿದೆ. ಅದನ್ನು ನಾನು ಮುಟ್ಟುವುದಿಲ್ಲ. ಯಾರಾದರೂ ಒಬ್ಬರು ಮುಂದೆ ಬಂದು ಮೌಸ್ ಹಿಡಿಯಿರಿ. ಯಾವ ಪೆಟ್ಟಿಗೆಯನ್ನು ಮೊದಲು ಸರಿಸಬೇಕು, ಉಳಿದವರು ಕೂತಲ್ಲಿಂದಲೇ ಹೇಳಿ.