ಒಡೆಯುವ ಮುಂಚೆ ಬರೆಯೋಣ: ತುಮಕೂರಿನ ಮನೆ ರಿಪೇರಿ ಕೆಲಸದವರ ಸಭೆಯಲ್ಲಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ಗಾರೆ ಕೆಲಸದ ಅಣ್ಣಂದಿರು, ಟೈಲ್ಸ್ ಹಾಕುವವರು, ಪೇಂಟಿಂಗ್, ಪ್ಲಂಬಿಂಗ್, ವೈರಿಂಗ್, ಮರಗೆಲಸದವರು ಎಲ್ಲ ಬಂದಿದ್ದೀರಿ. ಹಿಂದಿನ ಸಾಲಿನಲ್ಲಿ ನಮ್ಮ ಅಕ್ಕಂದಿರೂ ಕೂತಿದ್ದಾರೆ. ಮುಂದೆ ಜಾಗ ಇದೆ, ಬನ್ನಿ. ಇಟ್ಟಿಗೆ ಹೊರುವಾಗ ಮುಂದೆ, ಸಭೆಯಲ್ಲಿ ಹಿಂದೆ ಅಂದ್ರೆ ಹೇಗೆ?

ನನಗೆ ಕೊಟ್ಟಿರುವ ವಿಷಯ ಈಚಿನ ಸುದ್ದಿ ಮತ್ತು ಸದಸ್ಯರಿಗೆ ಸಿಗುವ ಅನುಕೂಲ. ಅನುಕೂಲ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ. ಮಂಡಿಪೇಟೆ ಅಂಗಡಿಯಲ್ಲಿ ಸಂಘದ ಕಾರ್ಡ್ ತೋರಿಸಿದರೆ ಎಷ್ಟು ಬಿಡ್ತಾರೆ? ಬಿಡ್ತಾರೆ, ಬಿಡಲಿ. ಆದರೆ ಹಳೇ ಗಿರಾಕಿ ಅಂದರೆ ಕಾರ್ಡ್ ಇಲ್ಲದಿದ್ದರೂ ಅಷ್ಟು ಬಿಡ್ತಾರೆ. ಅಷ್ಟಕ್ಕೆ ಸಂಘ ಕಟ್ಟಬೇಕಿರಲಿಲ್ಲ. ಒಬ್ಬೊಬ್ಬರೇ ಇದ್ದಾಗ ನಮ್ಮ ಕೈಲಿ ಆಗದ್ದನ್ನು ಸಂಘ ಮಾಡಿಕೊಡಬೇಕು. ನನ್ನ ಪ್ರಕಾರ ಅದು ಕಾಗದದ ಕೆಲಸ. ನಮಗೆ ಕರಣೆ ಹಿಡಿಯೋಕೆ ಬರುತ್ತೆ, ಪೆನ್ನು ಹಿಡಿಯೋಕೆ ಬೇಜಾರು. ನಮ್ಮ ದುಡ್ಡು ಹೋಗುವುದೂ ಅಲ್ಲೇ.

ಮೊದಲು ಸುದ್ದಿ ಮುಗಿಸಿಬಿಡುತ್ತೇನೆ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಅವತ್ತಿಂದ ಮನೆಯವರು ಶುರು ಮಾಡಿದ್ದಾರೆ. ‘ಏನ್ ಮೇಸ್ತ್ರಿ, ಸಿಮೆಂಟ್ ಹತ್ತು ಪರ್ಸೆಂಟ್ ಇಳೀತಂತೆ, ನಿಮ್ಮ ರೇಟು ಯಾಕೆ ಇಳಿದಿಲ್ಲ?’ ಲೆಕ್ಕ ಗೊತ್ತಿರಲಿ. ಮೊದಲು ತೆರಿಗೆ ಸೇರಿ 128 ರೂಪಾಯಿ ಕೊಡುತ್ತಿದ್ದ ಕಡೆ ಈಗ 118. ಅಂದರೆ ಇಳಿದಿರುವುದು ನೂರಕ್ಕೆ ಎಂಟು ರೂಪಾಯಿಗಿಂತ ಸ್ವಲ್ಪ ಕಮ್ಮಿ, ಅದೂ ಕಂಪನಿಯವರು ಮೂಲ ಬೆಲೆ ಏರಿಸದಿದ್ದರೆ. ಟೈಲ್ಸ್, ಪೇಂಟ್ ಮೊದಲೇ 18ರಲ್ಲಿದ್ದವು, ಅಲ್ಲೇ ಇವೆ. ಹೊಸ ಮನೆಗೆ ಹೋಗುವಷ್ಟು ಸಿಮೆಂಟ್ ಬಾತ್‌ರೂಮ್ ರಿಪೇರಿಗೆ ಹೋಗಲ್ಲ. ನಮ್ಮ ಖರ್ಚೆಲ್ಲ ಒಡೆಯೋದು, ಡೆಬ್ರಿ ಸಾಗಿಸೋದು, ಆಳಿನ ಕೂಲಿ. ಇದನ್ನು ಸಿಟ್ಟು ಮಾಡಿಕೊಳ್ಳದೆ ಮನೆಯವರಿಗೆ ಬಿಡಿಸಿ ಹೇಳಿ, ಅರ್ಥ ಮಾಡಿಕೊಳ್ತಾರೆ.

ಎರಡನೇ ಸುದ್ದಿ ಮಹಡಿ ಎತ್ತುವವರಿಗೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕಟ್ಟಡ ಪ್ಲಾನ್ ಪ್ರಕಾರ ಮುಗಿದಿದೆ ಅನ್ನುವ ಸರ್ಟಿಫಿಕೇಟ್ ಇದ್ದರೇನೇ ಕರೆಂಟು, ನೀರಿನ ಕನೆಕ್ಷನ್ ಕೊಡಬೇಕು ಅಂತ. ಅದಾದ ಮೇಲೆ ರಾಜ್ಯದಲ್ಲಿ ಎಷ್ಟೋ ಹೊಸ ಮನೆಗಳಿಗೆ ಮೀಟರ್ ಸಿಗದೆ ನಿಂತುಹೋಯಿತು. ಆಮೇಲೆ 2025ರಲ್ಲಿ ರಾಜ್ಯ ಸರ್ಕಾರ 1200 ಚದರ ಅಡಿವರೆಗಿನ ಸೈಟಿನಲ್ಲಿರುವ ಸಣ್ಣ ವಾಸದ ಮನೆಗಳಿಗೆ ವಿನಾಯಿತಿ ಕೊಟ್ಟಿತು. ಥರ್ಟಿ ಫಾರ್ಟಿ ಸೈಟು ಅಂತೀವಲ್ಲ, ಅದು ಸರಿಯಾಗಿ 1200. ನೆಲಮಹಡಿ, ಮೇಲೆ ಎರಡು ಮಹಡಿವರೆಗೆ. ಮನೆಯವರು ‘ಮೇಲೆ ಇನ್ನೊಂದು ಸಿಂಗಲ್ ರೂಮ್ ಹಾಕಿಬಿಡಿ, ಬಾಡಿಗೆಗೆ ಬರುತ್ತೆ’ ಅಂದಾಗ ಹೂಂ ಅನ್ನುವ ಮುಂಚೆ ಪಾಲಿಕೆಯ ಒಪ್ಪಿಗೆ ಇದೆಯಾ, ಸೈಟಿನ ಖಾತೆ ಯಾವುದು ಅಂತ ಕೇಳಿ. ರೂಮ್ ಮುಗಿದ ಮೇಲೆ ಮೀಟರ್ ಸಿಗದಿದ್ದರೆ ಉಳಿದ ಬಾಕಿ ನಿಲ್ಲಿಸುವುದು ನಿಮ್ಮದನ್ನೇ. ಬೆಸ್ಕಾಂನವರದ್ದಲ್ಲ.

ಇನ್ನು ಫೋನ್‌ಪೇ ವಿಚಾರ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ತರಕಾರಿ ಅಂಗಡಿಯವರಿಗೆಲ್ಲ ತೆರಿಗೆ ನೋಟಿಸ್ ಬಂತು, ನೆನಪಿದೆಯಲ್ವಾ? ಆಮೇಲೆ ಊರಲ್ಲೆಲ್ಲ ‘ನೋ ಯುಪಿಐ’ ಬೋರ್ಡು. ನಮ್ಮಲ್ಲೂ ಕೆಲವರು ಸ್ಕ್ಯಾನರ್ ಕಿತ್ತು ಹಾಕಿದರು. ಅದು ಬೇಕಿಲ್ಲ. ನಮ್ಮ ತೊಂದರೆ ಬೇರೆ ಥರದ್ದು. ಟೈಲ್ಸ್ ದುಡ್ಡು, ಕಮೋಡ್ ದುಡ್ಡು, ಪೇಂಟ್ ದುಡ್ಡು ಎಲ್ಲ ಮನೆಯವರು ನಿಮ್ಮ ಖಾತೆಗೆ ಹಾಕ್ತಾರೆ, ನೀವು ಅಂಗಡಿಗೆ ಹಾಕ್ತೀರಿ. ನಿಮಗೆ ಉಳಿದದ್ದು ಕೂಲಿ ಮಾತ್ರ. ಆದರೆ ಬ್ಯಾಂಕಿನ ಪಟ್ಟಿಯಲ್ಲಿ ನೀವು ದೊಡ್ಡ ಕುಳ. ಬರೀ ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ. ಸಾಮಾನಿನ ದುಡ್ಡು ನಿಮ್ಮ ಖಾತೆಯಲ್ಲಿ ಹಾದುಹೋದರೆ ಆ 20 ಲಕ್ಷ ಸುಮ್ನೆ ದಾಟಿಬಿಡುತ್ತೆ. ಅದಕ್ಕೇ ಹೇಳುತ್ತೇನೆ, ಸಾಮಾನಿನ ದುಡ್ಡನ್ನು ಮನೆಯವರೇ ನೇರ ಅಂಗಡಿಗೆ ಹಾಕಲಿ. ಬಿಲ್ ಅವರ ಹೆಸರಿಗೇ ಬರಲಿ. ನಿಮ್ಮ ಖಾತೆಗೆ ಕೂಲಿ ಮಾತ್ರ.

ಇಲ್ಲಿ ಇನ್ನೊಂದು ಇದೆ, ಕೆಲವರಿಗೆ ಗೊತ್ತಿಲ್ಲ. ಹೊಸದಾಗಿ ಒಂಟಿ ಮನೆ ಕಟ್ಟುವ ಬರೀ ಲೇಬರ್ ಕಾಂಟ್ರಾಕ್ಟಿಗೆ ಜಿಎಸ್‌ಟಿ ವಿನಾಯಿತಿ ಇದೆ. ಚೆನ್ನಾಗಿರುವ ಮನೆಯ ರಿಪೇರಿಗೆ, ನವೀಕರಣಕ್ಕೆ ಅದು ಅನ್ವಯಿಸಲ್ಲ. ಹೊಸ ಮನೆ ಕಟ್ಟುವ ನಿಮ್ಮ ಭಾವಮೈದ ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ.

ಸುದ್ದಿ ಸಾಕು. ಈಗ ಎಸ್ಟಿಮೇಟಿಗೆ ಬರುತ್ತೇನೆ. ನಿಜವಾಗಿ ಇವತ್ತು ನಾನು ಬಂದಿರುವುದೇ ಇದಕ್ಕೆ.

ಹೊಸ ಮನೆ ಕಟ್ಟುವವನಿಗೆ ಎಲ್ಲ ಕಣ್ಣೆದುರಿಗೆ ಇರುತ್ತೆ. ಪಾಯದಿಂದ ಮೇಲಿನ ಕಾಂಕ್ರೀಟ್ ಮೋಲ್ಡ್‌ವರೆಗೆ ಅವನೇ ಹಾಕಿದ್ದು. ನಮ್ಮ ಕೆಲಸ ಹಾಗಲ್ಲ. ಬೇರೆ ಯಾರೋ ಯಾವಾಗಲೋ ಕಟ್ಟಿದ ಗೋಡೆ, ಒಳಗೆ ಏನಿದೆ ಅಂತ ಒಡೆದ ಮೇಲೇ ಗೊತ್ತು. ಡಾಕ್ಟರು ಹೊಟ್ಟೆ ಕೊಯ್ದು ನೋಡಿದ ಮೇಲೆ ಹೇಳ್ತೀನಿ ಅಂದರೆ ಜನ ಒಪ್ಪುತ್ತಾರೆ, ಮೇಸ್ತ್ರಿ ಹೇಳಿದರೆ ಒಪ್ಪಲ್ಲ. ಚಿಕ್ಕಪೇಟೆ ಕಡೆ ಹಳೇ ಮನೆಗೆ ಹೋಗಿ. ಮೇಲೆ ಮದ್ರಾಸ್ ತಾರಸಿ, ಅಂದರೆ ಮರದ ಜಂತೆ ಮೇಲೆ ಇಟ್ಟಿಗೆ ಗಾರೆಯ ಚಾವಣಿ, ಕೆಳಗೆ ಸೀಲಿಂಗ್ ಬಣ್ಣ ಚೆನ್ನಾಗಿಯೇ ಕಾಣುತ್ತೆ. ಸೋರುವ ಒಂದು ಮೂಲೆ ಬಿಚ್ಚಿದರೆ ಜಂತೆಗೆ ಗೆದ್ದಲು. ಒಂದು ಜಂತೆ ಬದಲಾಯಿಸೋಣ ಅಂತ ಹೋದರೆ ಪಕ್ಕದ್ದೂ ಪುಡಿಪುಡಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೊಂದು ಕಥೆ. ಬಾತ್‌ರೂಮ್ ಟೈಲ್ಸ್ ಬದಲಾಯಿಸಿ ಅಂತಾರೆ. ಟೈಲ್ಸ್ ಕಿತ್ತರೆ ಹಿಂದೆ ಹಳೇ ಜಿಐ ಪೈಪು, ಸತು ಲೇಪಿಸಿದ ಕಬ್ಬಿಣದ್ದು. ಒಳಗೆ ಗಡಸು ನೀರಿನ ಉಪ್ಪು ಕಟ್ಟಿ ಬೆರಳು ಹೋಗುವಷ್ಟೂ ಜಾಗ ಇಲ್ಲ, ಹೊರಗೆ ತುಕ್ಕು. ಅದರ ಮೇಲೇ ಹೊಸ ಟೈಲ್ಸ್ ಮೆತ್ತಿದರೆ ಆರು ತಿಂಗಳಿಗೆ ಗೋಡೆಯಲ್ಲಿ ತೇವ. ಪೈಪು ಬದಲಾಯಿಸೋಣ ಅಂದರೆ ‘ಮೊದಲೇ ಯಾಕೆ ಹೇಳಲಿಲ್ಲ?’ ಅಂತ ಜಗಳ. ಎರಡೂ ಕಡೆ ತಪ್ಪಿಲ್ಲ. ಮಾತಾಡಬೇಕಾದ ದಿನ ಮಾತಾಡಿಲ್ಲ, ಅಷ್ಟೆ.

ಅದಕ್ಕೆ ಸಂಘದಿಂದ ಒಂದು ಎಸ್ಟಿಮೇಟ್ ಪುಸ್ತಕ ಅಚ್ಚು ಹಾಕಿಸಿದ್ದೇವೆ. ಕಾರ್ಬನ್ ಹಾಕಿ ಬರೆದರೆ ಎರಡು ಪ್ರತಿ, ಒಂದು ಮನೆಯವರಿಗೆ, ಒಂದು ನಿಮಗೆ. ಅದರಲ್ಲಿ ಮೇಲಿನ ಭಾಗ ಕಣ್ಣಿಗೆ ಕಾಣುವ ಕೆಲಸಕ್ಕೆ. ಅಳತೆ, ರೇಟು, ಒಟ್ಟು ಮೊತ್ತ, ಅದರಲ್ಲಿ ಬದಲಾವಣೆ ಇಲ್ಲ. ಕೆಳಗಿನ ಭಾಗಕ್ಕೆ ‘ಒಡೆದ ಮೇಲೆ ಕಂಡದ್ದು’ ಅಂತ ಹೆಸರು ಕೊಟ್ಟಿದ್ದೇವೆ. ಅಲ್ಲಿ ಮೊತ್ತ ಬರೆಯುವುದಿಲ್ಲ, ರೇಟು ಮಾತ್ರ ಬರೆಯುವುದು. ಪೈಪು ಬದಲಾಯಿಸಬೇಕಾದರೆ ಅಡಿಗೆ ಇಷ್ಟು. ಪ್ಲಾಸ್ಟರ್ ಉದುರಿಸಿ ಹೊಸದು ಮಾಡಬೇಕಾದರೆ ಚದರಡಿಗೆ ಇಷ್ಟು. ಜಂತೆ ಒಂದಕ್ಕೆ ಇಷ್ಟು. ಕೆಲಸ ಶುರುವಾಗುವ ಮುಂಚೆಯೇ ಮನೆಯವರು ಈ ರೇಟು ನೋಡಿ ಸಹಿ ಹಾಕಿರಬೇಕು. ಒಡೆದಾಗ ಏನಾದರೂ ಸಿಕ್ಕಿತಾ? ಕೆಲಸ ನಿಲ್ಲಿಸಿ, ಫೋಟೋ ತೆಗೆದು ವಾಟ್ಸಾಪ್ ಮಾಡಿ, ‘ಸರಿ, ಮಾಡಿ’ ಅಂತ ಉತ್ತರ ಬಂದ ಮೇಲೆ ಮುಂದುವರಿಸಿ. ಮಗ ಬೆಂಗಳೂರಲ್ಲಿ ಇರ್ತಾನೆ, ಮನೆಯಲ್ಲಿ ವಯಸ್ಸಾದ ತಂದೆ ತಾಯಿ. ಅಜ್ಜಿ ಹೂಂ ಅಂದರು ಅಂತ ಕೆಲಸ ಮಾಡಿ, ದುಡ್ಡು ಕೊಡುವ ಮಗನಿಗೆ ಹೇಳದಿದ್ದರೆ ಕೊನೆಗೆ ಏನಾಗುತ್ತೆ ಅಂತ ಇಲ್ಲಿರುವ ಅರ್ಧ ಜನರಿಗೆ ಗೊತ್ತು. ನಗಬೇಡಿ.

ಕೆಲವರು ಕೇಳ್ತಾರೆ, ಬರೆದುಕೊಟ್ಟರೆ ನಾವೇ ಸಿಕ್ಕಿಹಾಕಿಕೊಳ್ಳಲ್ವಾ ಅಂತ. ಬರೆಯದಿದ್ದರೂ ಸಿಕ್ಕಿಹಾಕಿಕೊಳ್ತೀರಿ. ಮನೆ ಕಟ್ಟುವ ಕೆಲಸ ಗ್ರಾಹಕರ ಕಾನೂನಿನಲ್ಲಿ ಸೇವೆ ಅಂತಲೇ ಇದೆ. ಕೆಲಸ ಸರಿ ಇಲ್ಲ ಅಂತ ಮನೆಯವರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅಲ್ಲಿ ಅವರ ಕೈಲಿ ಯುಪಿಐ ರಸೀದಿ ಇರುತ್ತೆ. ನಿಮ್ಮ ಕೈಲಿ ಏನಿರುತ್ತೆ? ಬಾಯಿ ಮಾತು.

ಒಂದು ಕೆಲಸಕ್ಕೆ ಮಾತ್ರ ಎಸ್ಟಿಮೇಟ್ ಪುಸ್ತಕ ಸಾಲದು. ಓಪನ್ ಕಿಚನ್ ಬೇಕು ಅಂತ ಗೋಡೆ ತೆಗೆಸುವುದು. ಈಗ ಎಲ್ಲರಿಗೂ ಅದೇ ಆಸೆ. ಕಾಲಂ ಇಲ್ಲದ ಮನೆಯಲ್ಲಿ ಒಂಬತ್ತು ಇಂಚಿನ ಗೋಡೆಯೇ ಮೇಲಿನ ಮೋಲ್ಡ್ ಹೊತ್ತಿರುತ್ತೆ. ನಾಲ್ಕೂವರೆ ಇಂಚಿನದು ಸಾಮಾನ್ಯವಾಗಿ ಅಡ್ಡಗೋಡೆ, ಆದರೂ ಅದರ ಮೇಲೆ ತೊಲೆ ಕೂತಿದೆಯಾ ಅಂತ ನೋಡದೆ ಕೈ ಹಾಕಬೇಡಿ. ಕಲ್ಲು ಚಪ್ಪಡಿ ಮನೆಯಾದರೆ ಇನ್ನೂ ಜೋಪಾನ. ಮೋಲ್ಡ್ ಬಿರುಕು ಬಿಟ್ಟು ಎಚ್ಚರಿಸಬಹುದು, ಕಲ್ಲು ಒಂದೇ ಸಲ ಮುರಿಯುತ್ತೆ. ಗೋಡೆ ತೆಗೆಯುವ ಕೆಲಸಕ್ಕೆ ಎಂಜಿನಿಯರ್ ಬಂದು ನೋಡಿ, ಬೀಮ್ ಯಾವುದು, ಸಪೋರ್ಟ್ ಎಲ್ಲಿ ಅಂತ ಬರೆದುಕೊಡದೆ ಸುತ್ತಿಗೆ ಎತ್ತಬೇಡಿ. ಮಗಳ ಮದುವೆ ಇದೆ, ಚಪ್ಪರದ ದಿನದೊಳಗೆ ಆಗಬೇಕು ಅಂತ ಎಷ್ಟೇ ಅವಸರ ಮಾಡಲಿ.

ಇನ್ನು ಲೇಬರ್ ಕಾರ್ಡ್, ಅಂದರೆ ಸರ್ಕಾರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್. ಬಹಳ ಜನ ತಿಳಿದುಕೊಂಡಿದ್ದಾರೆ, ಅದು ಹೊಸ ಕಟ್ಟಡದವರಿಗೆ ಮಾತ್ರ ಅಂತ. ತಪ್ಪು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ರಿಪೇರಿ, ಮಾರ್ಪಾಡು, ನಿರ್ವಹಣೆ, ಒಡೆಯುವ ಕೆಲಸ ಎಲ್ಲ ಸೇರಿತ್ತು. ಪೇಂಟರ್, ಪ್ಲಂಬರ್, ಎಲೆಕ್ಟ್ರಿಷಿಯನ್ ಕೂಡ ಬರ್ತಾರೆ. ಕಟ್ಟಡದ ಖರ್ಚಿನ ಮೇಲೆ ನೂರಕ್ಕೆ ಒಂದು ರೂಪಾಯಿ ಸೆಸ್ ಹಿಡಿದು ಕಟ್ಟಿದ ನಿಧಿ ಅದು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಅದರಲ್ಲೂ ನಿಯಮ ಹಳೆಯದೇ: ವಯಸ್ಸು 18 ಆಗಿರಬೇಕು, 60 ತುಂಬಿರಬಾರದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು.

ಕಷ್ಟ ಇರುವುದು ಈ 90 ದಿನದಲ್ಲೇ. ದೊಡ್ಡ ಅಪಾರ್ಟ್‌ಮೆಂಟ್ ಕೆಲಸದವರಿಗೆ ಒಂದೇ ಬಿಲ್ಡರ್ ಸಹಿ ಹಾಕ್ತಾನೆ. ನಮ್ಮ ಹುಡುಗರು ಇಲ್ಲಿ ಮೂರು ದಿನ, ಕ್ಯಾತ್ಸಂದ್ರದಲ್ಲಿ ನಾಲ್ಕು ದಿನ, ಬಟವಾಡಿಯಲ್ಲಿ ಎರಡು ದಿನ. ಯಾರು ಸಹಿ ಹಾಕಬೇಕು? ಕೊನೆಗೆ ಯಾರಿಗೋ ದುಡ್ಡು ಕೊಟ್ಟು ಸಹಿ ಹಾಕಿಸಿಕೊಳ್ತಾರೆ. ಕಟ್ಟಡವನ್ನೇ ಕಾಣದವರೂ ಹಾಗೇ ಕಾರ್ಡ್ ಮಾಡಿಸಿಕೊಂಡಿದ್ದಾರೆ. ಈಗ ಕಾರ್ಮಿಕ ಇಲಾಖೆ ಅಂಥ ಕಾರ್ಡುಗಳನ್ನು ಹುಡುಕಿ ರದ್ದು ಮಾಡುತ್ತಿದೆ. ಜೊತೆಗೆ ನಿಜವಾಗಿ ಇಟ್ಟಿಗೆ ಹೊತ್ತವರೂ ದಾಖಲೆ ಇಲ್ಲದೆ ಒದ್ದಾಡುತ್ತಾರೆ. ಅದಕ್ಕೆ ಪ್ರತಿ ಮೇಸ್ತ್ರಿಯೂ ಹಾಜರಿ ಪುಸ್ತಕ ಇಡಬೇಕು. ದಿನಾಂಕ, ಮನೆ ಯಾವ ಬೀದಿ, ಆಳಿನ ಹೆಸರು, ಕೂಲಿ, ಶನಿವಾರ ಬಟವಾಡೆ ತಗೊಂಡ ಸಹಿ ಅಥವಾ ಹೆಬ್ಬೆಟ್ಟು. ಮೂವರು ಮೇಸ್ತ್ರಿಗಳ ಪುಸ್ತಕ ಸೇರಿಸಿದರೆ ಒಬ್ಬ ಹುಡುಗನ 90 ದಿನ ತಾನಾಗೇ ಸಿಗುತ್ತೆ. ಸಂಘ ಅದನ್ನು ಒಟ್ಟುಗೂಡಿಸಿ, ಮೇಸ್ತ್ರಿಗಳಿಂದ ಸಹಿ ಹಾಕಿಸಿ, ಅರ್ಜಿ ಜೊತೆ ಇಟ್ಟುಕೊಡುತ್ತೆ. ಪುಸ್ತಕದಲ್ಲಿ ಇಲ್ಲದ ಹೆಸರಿಗೆ ಸಹಿ ಹಾಕಲ್ಲ. ಅಧ್ಯಕ್ಷರ ಅಳಿಯನೇ ಆಗಿರಲಿ. ಹೆಣ್ಣಾಳುಗಳ ಹೆಸರು ಬರೆಯದೆ ‘ಇಬ್ಬರು ಹೆಣ್ಣಾಳು’ ಅಂತ ಗೀಚುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ಇವತ್ತೇ ಬಿಡಿ. ಹೆರಿಗೆ ಸಹಾಯ, ಮಕ್ಕಳ ಓದಿನ ಸಹಾಯ, ಪಿಂಚಣಿ ಎಲ್ಲ ಸಿಗುವುದು ಹೆಸರಿಗೆ. ಲೆಕ್ಕಕ್ಕಲ್ಲ.

ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ, ಊಟದ ವಾಸನೆ ಬರುತ್ತಿದೆ. ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಹದಿನೆಂಟು ಕಸುಬುಗಳಲ್ಲಿ ಗಾರೆ ಕೆಲಸ, ಮರಗೆಲಸ ಇವೆ. ಪೇಂಟರ್, ಪ್ಲಂಬರ್ ಇಲ್ಲ, ಅದು ನನಗೂ ಸರಿ ಕಾಣಲ್ಲ. ಸಲಕರಣೆಗೆ 15,000 ರೂಪಾಯಿವರೆಗೆ, ಐದು ಪರ್ಸೆಂಟ್ ಬಡ್ಡಿಗೆ ಮೊದಲು ಒಂದು ಲಕ್ಷ, ಅದನ್ನು ತೀರಿಸಿದರೆ ಎರಡು ಲಕ್ಷ ಸಾಲ. ಮನೆಗೆ ಒಬ್ಬರಿಗೆ ಮಾತ್ರ. ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಹತ್ತಿರದ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಬ್ಯಾಂಕ್ ಖಾತೆ ಇರುವ, 18ರಿಂದ 70 ವರ್ಷದೊಳಗಿನ ಎಲ್ಲರೂ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ. ಸಾರವೆ ಮೇಲೆ ನಿಲ್ಲುವವನು ಎರಡು ಟೀ ದುಡ್ಡು ಉಳಿಸೋಕೆ ಹೋಗಬಾರದು.

ಧೂಳಿನ ಬಗ್ಗೆ ಮಾತ್ರ ಬಿಡಲ್ಲ. ಕಟಿಂಗ್ ಮಿಷನ್‌ನಲ್ಲಿ ಟೈಲ್ಸ್, ಗ್ರಾನೈಟ್ ಒಣದಾಗಿ ಕೊಯ್ಯುವಾಗ ಏಳುವ ಬಿಳಿ ಧೂಳಿನಲ್ಲಿ ಸಿಲಿಕಾ ಇದೆ. ಅದು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಅದಕ್ಕೆ ವಾಸಿ ಮಾಡುವ ಔಷಧಿ ಇಲ್ಲ. ನೀರು ಬಿಟ್ಟುಕೊಂಡು ಕೊಯ್ಯಿರಿ. ಟವೆಲ್ ಕಟ್ಟಿಕೊಂಡರೆ ಸಾಲದು, ಆ ಧೂಳು ಬಟ್ಟೆಯಲ್ಲಿ ನುಸುಳುತ್ತೆ. ಹಳೇ ಬಾಗಿಲು ಕಿಟಕಿ ಉಜ್ಜುವ ಪೇಂಟರ್‌ಗಳೂ ಕೇಳಿ. ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಭಾಗ, ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣದಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು. ಒಣ ಎಮರಿ ಕಾಗದ ಬೇಡ, ಒದ್ದೆ ಮಾಡಿ ಉಜ್ಜಿ. ಆ ಮನೆಯ ಚಿಕ್ಕ ಮಕ್ಕಳನ್ನು ಆಚೆ ಕಳಿಸಿ. ಅದೇ ಅಂಗಿಯಲ್ಲಿ ಹೋಗಿ ನಿಮ್ಮ ಮಗುವನ್ನೂ ಎತ್ತಿಕೊಳ್ಳಬೇಡಿ.

ಎಸ್ಟಿಮೇಟ್ ಪುಸ್ತಕ, ಹಾಜರಿ ಪುಸ್ತಕ ಬಾಗಿಲ ಹತ್ತಿರದ ಟೇಬಲ್ ಮೇಲೆ ಇವೆ. ವರ್ಷದ ಚಂದಾ ಕಟ್ಟಿದವರಿಗೆ ಎರಡೂ ಉಚಿತ. ಬರೆಯಲು ಬಾರದವರು ಮಕ್ಕಳನ್ನು ಕರೆದುಕೊಂಡು ಬನ್ನಿ, ಪ್ರತಿ ಸೋಮವಾರ ಸಂಜೆ ಕಚೇರಿಯಲ್ಲಿ ಕೂತು ಹೇಳಿಕೊಡುತ್ತೇವೆ. ಮುಂದಿನ ಸಭೆಗೆ ಬರುವಾಗ ಬರೀ ಕಾರ್ಡ್ ತರಬೇಡಿ, ಬರೆದ ಪುಸ್ತಕ ತನ್ನಿ. ಈಗ ಪ್ರಶ್ನೆ ಇದ್ದವರು ಕೈ ಎತ್ತಿ. ಬೀಮ್ ವಿಚಾರ ಇದ್ದರೆ ಮೊದಲು, ರೇಟಿನ ವಿಚಾರ ಊಟ ಆದ ಮೇಲೆ.