ಮಾಯದ ಹುಣ್ಣಿಗೆ ಮಂದ ಲೇಸರ್: ಬೆಳಕಿಗೂ ಡೋಸ್ ಇದೆ

ಕೇಳುಗರಿಗೆ ನಮಸ್ಕಾರ.

ತಿಂಗಳುಗಟ್ಟಲೆ ಮಾಯದ ಹುಣ್ಣಿರುವವರನ್ನು ನೋಡಿಕೊಳ್ಳುತ್ತಿರುವ ಮನೆಯವರು, ದಿನಾ ಡ್ರೆಸ್ಸಿಂಗ್ ಬದಲಿಸುವ ನರ್ಸ್‌ಗಳು, ಲೇಸರ್ ಯಂತ್ರವನ್ನು ಕೈಯಲ್ಲಿ ಹಿಡಿಯುವ ಫಿಸಿಯೋಥೆರಪಿಸ್ಟ್‌ಗಳು, ಈ ಮಾತು ನಿಮಗಾಗಿ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ಕಾಲಿನ ರಕ್ತನಾಳ ಉಬ್ಬಿದವರಿಗೆ ಕಣಕಾಲಿನ ಹತ್ತಿರ ಆಗುವ ಹುಣ್ಣು, ಮಲಗಿದಲ್ಲೇ ಇರುವವರಿಗೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಆಗುವ ಹಾಸಿಗೆ ಹುಣ್ಣು, ಇವಕ್ಕೆಲ್ಲ ಈಗ ಮಂದ ಲೇಸರ್ ಹಿಡಿಯುತ್ತಾರೆ. ನಾನು ಹೇಳಬೇಕಾದ್ದು ಒಂದೇ ಸಂಗತಿ. ಲೇಸರ್‌ಗೆ ಡೋಸ್ ಇದೆ. ಮಾತ್ರೆಗೆ ಮಿಲಿಗ್ರಾಂ ಹೇಗೋ ಈ ಬೆಳಕಿಗೆ ಜೂಲ್ ಹಾಗೆ, ಒಟ್ಟು ಎಷ್ಟು ಬೆಳಕು ಬಿತ್ತು ಎಂಬುದರ ಅಳತೆ. ಜೂಲ್ ಲೆಕ್ಕ ಹಾಕದೆ ಹಿಡಿದ ಲೇಸರ್ ಚಿಕಿತ್ಸೆಯಲ್ಲ.

ಲೇಸರ್ ಎಂದಕೂಡಲೇ ಸುಡುವ, ಕತ್ತರಿಸುವ ಬೆಳಕು ನೆನಪಾಗುತ್ತದೆ. ಇದು ಅದಲ್ಲ. ಇದರ ಶಕ್ತಿ ಸಾಮಾನ್ಯವಾಗಿ 500 ಮಿಲಿವ್ಯಾಟ್‌ಗಿಂತ ಕಡಿಮೆ. ಚಿಕಿತ್ಸೆ ನಡೆಯುವಾಗ ರೋಗಿಗೆ ಬಿಸಿಯೂ ತಾಗುವುದಿಲ್ಲ, ನೋವೂ ಆಗುವುದಿಲ್ಲ. ಇಷ್ಟು ಮಂದವಾದ ಬೆಳಕು ಕೆಲಸ ಮಾಡುತ್ತದೆ ಎಂದು ಯಾರೂ ಹುಡುಕಿ ಹೊರಟಿರಲಿಲ್ಲ. ಅದು ಗೊತ್ತಾದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಡೋಸಿನ ಪಾಠವೆಲ್ಲ ಅದರಲ್ಲೇ ಇದೆ.

1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರ್ ಉರಿಸಿದರು. ಅದು ಮಾಣಿಕ್ಯದ ಹರಳಿನಿಂದ ಹೊಮ್ಮುವ ಕೆಂಪು ಬೆಳಕು, ಅದರ ಅಲೆಯ ಉದ್ದ 694 ನ್ಯಾನೋಮೀಟರ್. ಕೆಲವೇ ವರ್ಷಗಳಲ್ಲಿ ಬಾಸ್ಟನ್‌ನ ಪಾಲ್ ಮೆಕ್‌ಗಫ್ ಇಂಥದೇ ಬೆಳಕಿನಿಂದ ಪ್ರಯೋಗದ ಪ್ರಾಣಿಗಳ ಕ್ಯಾನ್ಸರ್ ಗೆಡ್ಡೆಗಳನ್ನು ಕರಗಿಸಿದರು. ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಮೆಸ್ಟರ್ ಎಂಬ ಶಸ್ತ್ರವೈದ್ಯರು ಅದೇ ಪ್ರಯೋಗವನ್ನು ಮಾಡಿ ನೋಡಲು ಹೊರಟರು. ಇಲಿಗಳ ಮೈಯ ಕೂದಲು ಬೋಳಿಸಿ, ಚರ್ಮ ಸೀಳಿ, ಗೆಡ್ಡೆಯ ಕೋಶಗಳನ್ನು ಒಳಗಿಟ್ಟು ಹೊಲಿದರು. ಮೇಲಿಂದ ಲೇಸರ್ ಬಿಟ್ಟರು. ಗೆಡ್ಡೆಗೆ ಏನೂ ಆಗಲಿಲ್ಲ! ಕಾರಣ ಸರಳ. ಮೆಸ್ಟರ್ ಅವರ ಯಂತ್ರದ ಬೆಳಕು ಮೆಕ್‌ಗಫ್ ಅವರದಕ್ಕಿಂತ ತೀರಾ ದುರ್ಬಲವಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಪ್ರಯೋಗ ಕೆಟ್ಟಿತೆಂದು ಬರೆದು ಮುಗಿಸುತ್ತಿದ್ದರು. ಮೆಸ್ಟರ್ ಇಲಿಗಳ ಚರ್ಮವನ್ನು ಸರಿಯಾಗಿ ನೋಡಿದರು. ಬೆಳಕು ಬಿದ್ದ ಕಡೆ ಬೋಳಿಸಿದ ಕೂದಲು ಬೇಗ ಬೆಳೆದಿತ್ತು, ಹೊಲಿದ ಗಾಯ ಬೇಗ ಕೂಡಿತ್ತು. ಲೇಸರ್ ಬೆಳಕೇ ಕ್ಯಾನ್ಸರ್ ತಂದೀತೇ ಎಂಬ ಅನುಮಾನವೂ ಆಗ ಇತ್ತು. ಅದಕ್ಕೆ ಇಲಿಗಳ ಬೆನ್ನು ಬೋಳಿಸಿ, ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಮಂದ ಬೆಳಕು ಹಿಡಿದರು. ಕ್ಯಾನ್ಸರ್ ಬರಲಿಲ್ಲ, ಬೆಳಕು ಕಂಡ ಗುಂಪಿನಲ್ಲಿ ಮತ್ತೆ ಕೂದಲು ಬೇಗ ಬಂತು. ಇದು 1967ರ ಸುಮಾರಿನ ಮಾತು. ಅಲ್ಲಿಂದ ಮುಂದೆ ಅವರು ಯಾವ ಔಷಧಕ್ಕೂ ಬಗ್ಗದ ಹುಣ್ಣುಗಳಿದ್ದ ರೋಗಿಗಳ ಮೇಲೆ ಇದನ್ನು ಬಳಸುತ್ತ ಹೋದರು. ಗಮನಿಸಿ, ಬೆಳಕು ಅದೇ ಕೆಂಪು. ಹೆಚ್ಚಾದಾಗ ಅಂಗಾಂಶವನ್ನು ನಾಶ ಮಾಡಿತು, ಕಡಿಮೆಯಾದಾಗ ಬೆಳೆಸಿತು. ವ್ಯತ್ಯಾಸ ಇದ್ದದ್ದು ಡೋಸಿನಲ್ಲಿ ಮಾತ್ರ.

ಒಳಗೆ ಆಗುವುದೇನು? ನಮ್ಮ ಜೀವಕೋಶದ ಇಂಧನ ತಯಾರಿಸುವ ಭಾಗವಾದ ಮೈಟೋಕಾಂಡ್ರಿಯದಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವಿದೆ. ಕೆಂಪು ಬೆಳಕನ್ನೂ ಅದರಾಚೆಯ ಕಾಣದ ಬೆಳಕನ್ನೂ ಅದು ಹೀರುತ್ತದೆ. ಸೊರಗಿದ ಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ಈ ಕಿಣ್ವಕ್ಕೆ ಅಂಟಿಕೊಂಡು ಆಮ್ಲಜನಕಕ್ಕೆ ಅಡ್ಡಿಯಾಗಿರುತ್ತದೆ. ಬೆಳಕು ಬಿದ್ದಾಗ ನೈಟ್ರಿಕ್ ಆಕ್ಸೈಡ್ ಕಳಚಿಕೊಳ್ಳುತ್ತದೆ ಎಂಬುದು ಈಗಿರುವ ವಿವರಣೆ; ಆಗ ಕೋಶದ ಇಂಧನವಾದ ಎಟಿಪಿ ಹೆಚ್ಚು ತಯಾರಾಗುತ್ತದೆ, ಹೊಸ ಮಾಂಸ ಕಟ್ಟುವ ಫೈಬ್ರೋಬ್ಲಾಸ್ಟ್ ಕೋಶಗಳು ಕೊಲಾಜೆನ್ ನೇಯತೊಡಗುತ್ತವೆ. ಜೊತೆಗೆ ಆಮ್ಲಜನಕದ ಚುರುಕು ಕಣಗಳು ಕೊಂಚ ಹುಟ್ಟುತ್ತವೆ. ಕೊಂಚವಿದ್ದರೆ ಅವು ಕೋಶಕ್ಕೆ ಸೂಚನೆ, ಹೆಚ್ಚಾದರೆ ಪೆಟ್ಟು. ಮತ್ತೆ ಡೋಸಿಗೇ ಬಂದೆವು.

ಈಗ ಲೆಕ್ಕ. ಪೆನ್ನು ಹಿಡಿದು ಬರೆದುಕೊಳ್ಳಿ. ತೆರೆದ ಹುಣ್ಣಿಗೆ ಒಂದು ಚದರ ಸೆಂಟಿಮೀಟರಿಗೆ 4 ಜೂಲ್ ಎಂದು ಇಟ್ಟುಕೊಳ್ಳಿ. ಹುಣ್ಣು 3 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ ಇದ್ದರೆ 6 ಚದರ ಸೆಂಟಿಮೀಟರ್; ಒಟ್ಟು 24 ಜೂಲ್. 100 ಮಿಲಿವ್ಯಾಟ್ ಯಂತ್ರ ಸೆಕೆಂಡಿಗೆ 0.1 ಜೂಲ್ ಕೊಡುತ್ತದೆ. ಅಂದರೆ 240 ಸೆಕೆಂಡ್, 4 ನಿಮಿಷ. 50 ಮಿಲಿವ್ಯಾಟ್ ಯಂತ್ರವಾದರೆ 8 ನಿಮಿಷ, 200 ಆದರೆ 2 ನಿಮಿಷ. ಬೆಳಕು ಮಿಟುಕುತ್ತ ಬರುವ ಯಂತ್ರವಾದರೆ ಸರಾಸರಿ ಶಕ್ತಿಯನ್ನು ಹಿಡಿಯಬೇಕು: ಅರ್ಧ ಹೊತ್ತು ಉರಿದು ಅರ್ಧ ಹೊತ್ತು ಆರುವ 100 ಮಿಲಿವ್ಯಾಟ್ ಎಂದರೆ 50 ಮಾತ್ರ.

ಎಷ್ಟು ಡೋಸ್ ಕೊಟ್ಟಿರಿ ಎಂದು ಕೇಳಿದರೆ ಬಹಳ ಸಲ ಬರುವ ಉತ್ತರ, “ಹತ್ತು ನಿಮಿಷ ಹಿಡಿದೆವು.” ಹತ್ತು ನಿಮಿಷ ಡೋಸ್ ಅಲ್ಲ! ಅದೇ 6 ಚದರ ಸೆಂಟಿಮೀಟರ್ ಹುಣ್ಣಿಗೆ 20 ಮಿಲಿವ್ಯಾಟ್ ಯಂತ್ರದಲ್ಲಿ ಹತ್ತು ನಿಮಿಷ ಎಂದರೆ ಚದರ ಸೆಂಟಿಮೀಟರಿಗೆ 2 ಜೂಲ್. 200 ಮಿಲಿವ್ಯಾಟ್‌ನಲ್ಲಿ 20 ಜೂಲ್. ಮೊದಲನೆಯದು ಸಾಲದೆ ಹೋಗಬಹುದು, ಎರಡನೆಯದು ಮಾಯುವುದನ್ನೇ ತಡೆಯಬಹುದು.

ಹಿಡಿಯುವ ಕ್ರಮ ಹೀಗೆ. ಡ್ರೆಸ್ಸಿಂಗ್ ಪೂರ್ತಿ ತೆಗೆದು ಸಲೈನ್‌ನಲ್ಲಿ ತೊಳೆಯಿರಿ. ಅಯೋಡಿನ್ ಬಣ್ಣ, ಬೆಳ್ಳಿ ಸೇರಿದ ಬಿಳಿ ಮುಲಾಮು ಏನೂ ಉಳಿಯಬಾರದು. ಅವು ಬೆಳಕನ್ನು ಮೇಲೆಯೇ ತಡೆಯುತ್ತವೆ. ಕೊಳೆತ ಮಾಂಸ, ಕಪ್ಪು ಹಕ್ಕಳೆ ಇದ್ದರೆ ಮೊದಲು ವೈದ್ಯರಿಂದ ತೆಗೆಸಿ. ಸತ್ತ ಅಂಗಾಂಶದ ಮೇಲೆ ಎಷ್ಟು ಜೂಲ್ ಸುರಿದರೂ ವ್ಯರ್ಥ. ರಕ್ತವೂ ಬೆಳಕನ್ನು ಹೀರುತ್ತದೆ, ಆದ್ದರಿಂದ ಜಿನುಗುತ್ತಿದ್ದರೆ ಒತ್ತಿ ಹಿಡಿದು ನಿಲ್ಲಿಸಿ. ಲೇಸರ್‌ನ ತುದಿಗೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ, ಪ್ರತಿ ರೋಗಿಗೂ ಹೊಸದು. ಅಂಚಿನ ಗಟ್ಟಿ ಚರ್ಮದ ಮೇಲೆ ತುದಿಯನ್ನು ಮೆತ್ತಗೆ ಒತ್ತಿ, ಸೆಂಟಿಮೀಟರಿಗೊಂದು ಬಿಂದುವಿನಂತೆ ಸುತ್ತ ಬನ್ನಿ. ಹೊಸ ಚರ್ಮ ಅಂಚಿನಿಂದಲೇ ಒಳಕ್ಕೆ ಬರುವುದು, ಅದನ್ನು ಬಿಡಬೇಡಿ. ಹುಣ್ಣಿನ ತಳಕ್ಕೆ ತುದಿ ಮುಟ್ಟಿಸಬೇಡಿ. ಒಂದು ಸೆಂಟಿಮೀಟರಿನೊಳಗೆ, ನೆಟ್ಟಗೆ ಹಿಡಿಯಿರಿ. ಕೈ ಓರೆಯಾದರೆ ಬೆಳಕು ಚರ್ಮದಿಂದ ಚಿಮ್ಮಿ ಹೋಗುತ್ತದೆ. ಮೇಲ್ಪದರದ ಹುಣ್ಣಿಗೆ 630ರಿಂದ 660 ನ್ಯಾನೋಮೀಟರಿನ ಕೆಂಪು, ಆಳಕ್ಕೆ ಇಳಿಯಬೇಕಾದಲ್ಲಿ 808 ಅಥವಾ 830. ವಾರಕ್ಕೆ ಎರಡು ಮೂರು ಸಲ, ದಿನ ಬಿಟ್ಟು ದಿನ.

ಸಮಯ ಸರಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ವಾರಕ್ಕೊಮ್ಮೆ ಹುಣ್ಣಿನ ಉದ್ದ ಅಗಲ ಅಳೆದು ಬರೆದಿಡಿ, ಅಳತೆ ಬದಲಾದಂತೆ ಜೂಲ್ ಲೆಕ್ಕವನ್ನೂ ಬದಲಿಸಿ. ಯಂತ್ರದೊಳಗೆ ಬೆಳಕು ಹೊಮ್ಮಿಸುವ ಡಯೋಡ್ ಹಳೆಯದಾದಂತೆ ಬೆಳಕು ಕುಗ್ಗುತ್ತದೆ, ಪರದೆಯ ಮೇಲೆ ಮಾತ್ರ 100 ಎಂದೇ ಇರುತ್ತದೆ. ಪವರ್ ಮೀಟರಿನಲ್ಲಿ ಆಗಾಗ ಪರೀಕ್ಷಿಸಿ. ನಾಲ್ಕು ವಾರದಲ್ಲಿ ಹುಣ್ಣು ಅರ್ಧಕ್ಕೆ ಇಳಿಯದಿದ್ದರೆ ದಯವಿಟ್ಟು ಡೋಸ್ ದುಪ್ಪಟ್ಟು ಮಾಡಬೇಡಿ. ಕಾರಣ ಹುಡುಕಿ. ಪಾದದ ಮೇಲಿನ ಒತ್ತಡ ಇಳಿಸಿದ್ದೀರಾ? ಸಕ್ಕರೆ ಹತೋಟಿಯಲ್ಲಿದೆಯೇ? ಕಾಲಿಗೆ ರಕ್ತ ಹರಿಯುತ್ತಿದೆಯೇ? ಮೂಳೆಗೆ ಸೋಂಕು ಇಳಿದಿದೆಯೇ? ಇವುಗಳ ಜಾಗವನ್ನು ಲೇಸರ್ ತುಂಬುವುದಿಲ್ಲ. ಅಂಚು ಉಬ್ಬಿ ಗಂಟಾಗುವ ಹಳೆಯ ಹುಣ್ಣಿನಿಂದ ಚೂರು ತೆಗೆಸಿ ಕ್ಯಾನ್ಸರ್ ಅಲ್ಲವೆಂದು ಖಚಿತವಾಗುವವರೆಗೆ ಲೇಸರ್ ಹಿಡಿಯಲೇಬಾರದು.

ಕಡೆಯದಾಗಿ ಕಣ್ಣು. 808ರ ಬೆಳಕು ಕಾಣುವುದೇ ಇಲ್ಲ, ಹಾಗಾಗಿ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಯಂತ್ರ ಆರಿದೆ ಎಂದುಕೊಂಡು ತುದಿಯನ್ನು ನೋಡಬೇಡಿ. ರೋಗಿಗೂ ಹಿಡಿಯುವವರಿಗೂ ಗಾಗಲ್ಸ್ ಬೇಕು, ಅದರ ಮೇಲೆ ನಿಮ್ಮ ಯಂತ್ರದ ನ್ಯಾನೋಮೀಟರ್ ಸಂಖ್ಯೆ ಅಚ್ಚಾಗಿರಬೇಕು. ಬಿಸಿಲಿಗೆ ಹಾಕುವ ಕಪ್ಪು ಕನ್ನಡಕ ಇದಕ್ಕೆ ಆಗದು.

ನಮಸ್ಕಾರ.