ರಜೆಯ ಕೊನೇ ರವಿವಾರ: ಕಾರವಾರದ ಸಂತೆ, ಒಂದು ವಾಷರ್ ಹುಡುಕಾಟ

ನಮಸ್ಕಾರ. ಹಿಂದೆ ಕೇಳುತ್ತಿರುವುದು ಕಾರವಾರದ ರವಿವಾರದ ಸಂತೆಯ ಗದ್ದಲ. ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಸೀದಾ ಇಲ್ಲಿಗೇ ಬಂದೆ. ಆಫ್ರಿಕಾದ ಮಲಾವಿಗೆ, ನನ್ನ ಕೆಲಸದ ಹಳ್ಳಿಗೆ ವಾಪಸ್ ಹೊರಡಲು ಇನ್ನು ಆರೇ ದಿನ. ಕೈಯಲ್ಲಿ ಅಮ್ಮ ಕೊಟ್ಟ ಪಟ್ಟಿ ಇದೆ. ಜೇಬಿನಲ್ಲಿ ಒಂದು ಹರಿದ ವಾಷರ್ ಇದೆ. ಅದರ ಕತೆ ಆಮೇಲೆ.

ಮೊದಲು ಒಣ ಮೀನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅದಕ್ಕೇ ಎಲ್ಲರೂ ಈಗಲೇ ಡಬ್ಬಿ ತುಂಬಿಸಿಕೊಳ್ಳುತ್ತಾರೆ. ಬಂಗಡೆ ರೇಟು ಜಾಸ್ತಿ ಅನ್ನಿಸಿತು, ಹೇಳಿಯೂ ಬಿಟ್ಟೆ. "ಬಿಸಿಲಲ್ಲಿ ಕೂತು ಮಗುಚಿ ಹಾಕಿದ್ದು ಯಾರು ತಂಗಿ?" ಅಂದರು ಮೀನು ಮಾರುವ ಅಕ್ಕ. ಹೌದಲ್ವಾ? ಕೇಳಿದಷ್ಟು ಕೊಟ್ಟೆ.

ಮಲಾವಿ ಸರೋವರದ ದಡದಲ್ಲೂ ಹೆಂಗಸರು ಹೀಗೇ ಮೀನು ಒಣಗಿಸುತ್ತಾರೆ. ಉಸಿಪಾ ಅಂತ ಚಿಕ್ಕ ಮೀನು, ಅಟ್ಟಣೆಯ ಮೇಲೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಮೊದಲ ತಿಂಗಳು ನಾನು ಅದನ್ನು ಮುಟ್ಟಲೇ ಇಲ್ಲ. ಈಗ ಟೊಮೆಟೊ, ಈರುಳ್ಳಿ ಹಾಕಿ ಬೇಯಿಸಿದ ಉಸಿಪಾ ಬೇಕು, ಜೊತೆಗೆ ಬಿಸಿ ನ್ಸಿಮಾ. ನ್ಸಿಮಾ ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಅಮ್ಮನ ಮೀನು ಸಾರಿಗೆ ಸಮ ಅಂತ ಹೇಳಲಾರೆ. ಅಲ್ಲ, ಹೇಳುತ್ತೇನೆ. ಮಧ್ಯಾಹ್ನ ಹಸಿದು ಕೂತಾಗ ಸಮವೇ.

ಹಾಂ, ಅಂಗಡಿ ಬಂತು. ಹಾರ್ಡ್‌ವೇರ್ ಅಂಗಡಿ.

ಅಂಗಡಿಯವರು ವಾಷರ್ ತಿರುಗಿಸಿ ತಿರುಗಿಸಿ ನೋಡಿದರು. "ಇದು ನಮ್ಮ ಬೋರಿನದ್ದಲ್ಲ ತಂಗಿ." ಹೌದು, ಅಲ್ಲ. ಇಲ್ಲಿ ನಮ್ಮ ಹಳ್ಳಿಗಳಲ್ಲಿ ಇರುವುದು ಹೆಚ್ಚಾಗಿ ಇಂಡಿಯಾ ಮಾರ್ಕ್ 2 ಕೈಪಂಪು. ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರಗಳಲ್ಲಿ ಮಿಷನ್‌ನವರು ಬಳಸುತ್ತಿದ್ದ ಗಟ್ಟಿ ಕೈಪಂಪುಗಳನ್ನು ನೋಡಿಕೊಂಡು 1970ರ ದಶಕದಲ್ಲಿ ಮಾಡಿದ ಪಂಪು ಅದು. ಮಲಾವಿಯ ನಮ್ಮ ಹಳ್ಳಿಯಲ್ಲಿರುವುದು ಅಫ್ರಿದೇವ್. 1980ರ ದಶಕದಲ್ಲಿ ಮಲಾವಿ ಮತ್ತು ಕೆನ್ಯಾದಲ್ಲೇ ರೂಪುಗೊಂಡದ್ದು. ಮಾರ್ಕ್ 2ರಲ್ಲಿ ಕೆಳಗಿನ ವಾಷರ್ ಹೋದರೆ ಕಬ್ಬಿಣದ ಪೈಪನ್ನೇ ಮೇಲೆತ್ತಬೇಕು, ಆಳು ಬೇಕು, ಸಾಮಾನು ಬೇಕು. ಅಫ್ರಿದೇವ್‌ನಲ್ಲಿ ಪೈಪು ಅಲ್ಲೇ ಇರುತ್ತದೆ, ಅದರೊಳಗಿಂದ ಸರಳು ಎಳೆದರೆ ಪಿಸ್ಟನ್ ಮೇಲೆ ಬರುತ್ತದೆ. ಒಂದು ಸ್ಪ್ಯಾನರ್ ಸಾಕು. ಹಳ್ಳಿಯವರೇ ರಿಪೇರಿ ಮಾಡಿಕೊಳ್ಳಲಿ ಅಂತಲೇ ಹಾಗೆ ಮಾಡಿದ್ದಾರೆ.

ಆ ಒಂದು ಸ್ಪ್ಯಾನರಿನ ವಿಷಯವನ್ನೇ ನಾನು ಇವತ್ತು ಹೇಳಬೇಕು.

ನನ್ನ ಮೊದಲ ವರ್ಷ, ಅಕ್ಟೋಬರ್. ಅಲ್ಲಿ ಮಳೆ ಶುರುವಾಗುವುದು ನವೆಂಬರಿನಲ್ಲಿ. ಅಕ್ಟೋಬರ್ ಅಂದರೆ ನಮ್ಮ ಮೇ ತಿಂಗಳ ಉರಿ. ಪಂಪು ನಿಂತುಹೋಯಿತು. ಹಿಡಿ ಒತ್ತಿದರೆ ಭಾರವೇ ಇಲ್ಲ, ನೀರೂ ಇಲ್ಲ. ಪೇಟೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ನಾಳೆ ಬರುತ್ತೇನೆ ಅಂದ. ಹೀಗೇ ನಾಲ್ಕು ದಿನ. ಹೆಂಗಸರು ಒಣಗಿದ ಹೊಳೆಯ ಮರಳು ತೋಡಿ, ಬಟ್ಟಲಲ್ಲಿ ಬಳಿದು ಬಳಿದು ಬಕೆಟ್ ತುಂಬಿಸಿದರು. ಸಂಜೆ ಅವರ ಜೊತೆ ಕೂತು ನೀರಿಗಾಗಿ ಪ್ರಾರ್ಥನೆ ಮಾಡಿದೆ. ಮನಸ್ಸಿಟ್ಟೇ ಮಾಡಿದೆ.

ಐದನೇ ದಿನ ನೀರಿನ ಸಮಿತಿಯ ಹಿರಿಯರೊಬ್ಬರು ಬಂದರು. ನಾನು ಅವರನ್ನು ಅಮಾಯಿ ಅನ್ನುತ್ತೇನೆ, ಅಲ್ಲಿನ ಚಿಚೇವಾ ಭಾಷೆಯಲ್ಲಿ ಅಮ್ಮ ಅಂತಲೇ ಅರ್ಥ. ಅವರು ಹೇಳಿದ್ದು ನನಗೆ ಅರ್ಧವೂ ತಿಳಿಯಲಿಲ್ಲ. ಕೊನೆಗೆ ನನ್ನ ಕೈ ಹಿಡಿದು ಕಚೇರಿಯ ಬೀರುವಿನ ಹತ್ತಿರ ಕರೆದುಕೊಂಡು ಹೋದರು. ಬೀಗವನ್ನು ಬೆರಳಿನಿಂದ ತಟ್ಟಿದರು.

ಸ್ಪ್ಯಾನರ್ ಒಳಗಿತ್ತು. ಕಳುವಾದೀತು ಅಂತ ನಾನೇ ಇಟ್ಟು ಬೀಗ ಹಾಕಿದ್ದೆ. ನಾನು ಬರುವ ಮೊದಲೇ ಆ ಹೆಂಗಸರು ರಿಪೇರಿ ಕಲಿತಿದ್ದರು. ನಾನು ಯಾರನ್ನೂ ಕೇಳಿರಲಿಲ್ಲ. ಅವರು ಹೇಳಿದ್ದರೂ ನನಗೆ ತಿಳಿಯುವಷ್ಟು ಭಾಷೆ ಬರುತ್ತಿರಲಿಲ್ಲ. ಅಮಾಯಿ ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆ, ಚಿತೆಂಜೆಯ ತುದಿ ಬಿಚ್ಚಿದರು. ನಮ್ಮ ಅಜ್ಜಿ ಸೆರಗಿನಲ್ಲಿ ಚಿಲ್ಲರೆ ಗಂಟು ಕಟ್ಟುತ್ತಿದ್ದರಲ್ಲ, ಹಾಗೇ. ಗಂಟಿನೊಳಗೆ ಹೊಸ ವಾಷರ್ ಇತ್ತು. ನಾಲ್ಕು ದಿನ ಅದನ್ನು ಕಟ್ಟಿಕೊಂಡೇ ಹೊಳೆಗೆ ಹೋಗಿ ಬಂದಿದ್ದರು. ಊಟದ ಹೊತ್ತಿಗೆ ಪಂಪಿನಲ್ಲಿ ನೀರು ಬಂತು.

ಬೀರುವಿನ ಚಾವಿ ಆವತ್ತೇ ಅವರಿಗೆ ಕೊಟ್ಟೆ. ಆ ನಾಲ್ಕು ದಿನ ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ಭಾಷೆ ಬಾರದವರಿಗೆ ಮೊದಲ ಆರು ತಿಂಗಳು ಯಾವ ಕೆಲಸವನ್ನೂ ಕೊಡಬಾರದು ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಪಾತ್ರೆ ತೊಳೆಯುವ ಕೆಲಸ ಕೊಡಬೇಕು, ನೀರು ಹೊರುವ ಕೆಲಸ ಕೊಡಬೇಕು. ನನಗೆ ಚಿಚೇವಾ ಬಂದಿದ್ದು ಪಂಪಿನ ಹತ್ತಿರ ಬಕೆಟ್ ಸಾಲಿನಲ್ಲಿ ನಿಂತೇ. ಪಾಂಗೊನೊ ಪಾಂಗೊನೊ, ಸ್ವಲ್ಪ ಸ್ವಲ್ಪವೇ.

ವಾಷರ್ ಅಲ್ಲೂ ಸಿಗುತ್ತದೆ, ಸಿಗುವುದಿಲ್ಲ ಅಂತಲ್ಲ. ಆದರೆ ಪೇಟೆಗೆ ಮಿನಿಬಸ್‌ನಲ್ಲಿ ಹೋಗಿ ಬರಲು ಒಂದು ದಿನ ಬೇಕು. ಅಫ್ರಿದೇವ್ ನಮ್ಮ ದೇಶದಲ್ಲೂ ತಯಾರಾಗುತ್ತದೆ, ಅದಕ್ಕೇ ಇಲ್ಲಿ ಹುಡುಕುತ್ತಿದ್ದೇನೆ. ಅಮಾಯಿಯ ಗಂಟಿನಲ್ಲಿ ಯಾವಾಗಲೂ ಎರಡು ಇರಲಿ ಅಂತ.

ಅಯ್ಯೋ, ಬ್ಯಾಟರಿ ಕೆಂಪಾಯಿತು. ಅಂಗಡಿಯವರು ಬಿಲ್ ಪುಸ್ತಕದ ಹಿಂದೆ ವಾಷರ್ ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುತ್ತಿದ್ದಾರೆ, ನೋಡಿ. ಹುಬ್ಬಳ್ಳಿಗೆ ಹೋಗುವ ಹುಡುಗನ ಕೈಯಲ್ಲಿ ಕಳಿಸುತ್ತಾರಂತೆ. ಗುರುವಾರ ಬಾ ಅಂದಿದ್ದಾರೆ. ನನ್ನ ಬಸ್ಸು ಶನಿವಾರ.